ಬಾಲಕ್ಕೆ ಬೆಂಕಿ ಹಚ್ಚಿಕೊಂಡ ಬೈಕು

ಮನೆಯಲ್ಲೇ ಕಟ್ಟುವ ಜೆಟ್ ಬೈಕಿನಲ್ಲಿ ಬೈಕಿನ ಪಾಲು ಕಡಿಮೆ. ಎರಡು ಚಕ್ರ, ಒಂದು ಹ್ಯಾಂಡಲ್, ಕೂರಲು ಸೀಟು, ನಂಬಲು ಬ್ರೇಕು ಇದ್ದರೆ ಅದರ ಕೆಲಸ ಮುಗಿಯಿತು. ಗೇರು, ಕ್ಲಚ್ಚು, ಚೈನು ಯಾವುದೂ ಬೇಡ. ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಮಾತುಕತೆಯೇ ಇಲ್ಲ. ಬಿಸಿಗಾಳಿ ಹಿಂದಕ್ಕೆ ನುಗ್ಗುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ತಲೆಬಾಗಿ ಬೈಕು ಮುಂದಕ್ಕೆ ಹೋಗುತ್ತದೆ. ಈ ಹವ್ಯಾಸ ಹೆಚ್ಚಾಗಿ ಕಾಣಸಿಗುವುದು ಇಂಗ್ಲೆಂಡ್, ಅಮೆರಿಕದಂಥ ದೇಶಗಳಲ್ಲಿ. ಮನೆಯ ಹಿಂದೊಂದು ಶೆಡ್ಡು, ಶೆಡ್ಡಿನಲ್ಲೊಂದು ವೆಲ್ಡಿಂಗ್ ಯಂತ್ರ, ಪಕ್ಕದ ಮನೆಯಲ್ಲಿ ಕಿವಿ ಸ್ವಲ್ಪ ಮಂದವಾದ ಹಿರಿಯರು ಕೂಡಿಬಂದ ಕಡೆ ಅದು ಚೆನ್ನಾಗಿ ಬೆಳೆಯುತ್ತದೆ.

ಕಂಪನಿಯೇ ಕಟ್ಟಿ ಮಾರಿದ ಜೆಟ್ ಬೈಕೂ ಇದೆ. ಅಮೆರಿಕದ ಲೂಯಿಸಿಯಾನಾದ ಎಂಟಿಟಿ ಕಂಪನಿಯ ‘ವೈ2ಕೆ’ ಬೈಕಿನಲ್ಲಿ ಹೆಲಿಕಾಪ್ಟರಿನ ಎಂಜಿನ್ ಇದೆ, ಶಕ್ತಿ ಸುಮಾರು 320 ಅಶ್ವಶಕ್ತಿ. ಟಿ.ವಿ. ನಿರೂಪಕ ಜೇ ಲೆನೋ ಇದನ್ನು ಕೊಂಡವರಲ್ಲೊಬ್ಬರು. ಸಿಗ್ನಲ್‌ನಲ್ಲಿ ಹಿಂದೆ ನಿಂತ ಕಾರಿನ ಬಂಪರ್ ತಮ್ಮ ಬೈಕಿನ ಹೊಗೆಯ ಬಿಸಿಗೆ ಕರಗಿದ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. ಆದರೆ ಇದರಲ್ಲಿ ಎಂಜಿನ್ ಚಕ್ರವನ್ನೇ ತಿರುಗಿಸುತ್ತದೆ, ಗಾಳಿಯಿಂದ ನೂಕುವುದಿಲ್ಲ. ಹಾಗಾಗಿ ಶೆಡ್ಡಿನ ಮಡಿವಂತರು ಇದನ್ನು ಪಂಕ್ತಿಗೆ ಸೇರಿಸುವುದಿಲ್ಲ.

ಜೆಟ್ ಎಂಜಿನ್ನಿನ ತತ್ವ ಸರಳ. ಗಾಳಿಯನ್ನು ಎಳೆದು ಒತ್ತಬೇಕು, ಇಂಧನ ಸೇರಿಸಿ ಉರಿಸಬೇಕು. ಉರಿದು ಉಬ್ಬಿದ ಗಾಳಿ ಹೊರಗೆ ಓಡುವ ದಾರಿಯಲ್ಲಿ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸಬೇಕು. ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರ ಅದರಿಂದ ತಿರುಗಿ ಮತ್ತಷ್ಟು ಗಾಳಿ ಎಳೆಯಬೇಕು. ಇದರಲ್ಲಿ ಮನೆಯಲ್ಲಿ ಮಾಡಲು ಕಷ್ಟವಾದದ್ದು ಆ ಎರಡು ಚಕ್ರಗಳು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಅದನ್ನೂ ಮಾಡಿ ತೋರಿಸಿದರು. ಆಟದ ವಿಮಾನಕ್ಕೆಂದು ಕಟ್ಟಿದ ಎಂಜಿನ್ನಿಗೆ ಅವರು ಪ್ಲೈವುಡ್ಡಿನ ಕಂಪ್ರೆಸರ್ ಚಕ್ರ ಕಡೆದು, ಅದು ಸಿಡಿಯದಂತೆ ಇಂಗಾಲದ ಎಳೆ ಸುತ್ತಿ ಓಡಿಸಿದರು. ಬೆಂಕಿಯ ಯಂತ್ರಕ್ಕೆ ಮರದ ಚಕ್ರ ಹಾಕುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಉಳಿದವರು ಗುಜರಿಗೆ ಹೋಗುತ್ತಾರೆ. ಅಲ್ಲಿ ಹಳೆಯ ಲಾರಿಗಳ ಟರ್ಬೋಚಾರ್ಜರ್‌ಗಳು ರಾಶಿ ಬಿದ್ದಿರುತ್ತವೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದ ಈ ಉಪಕರಣದಲ್ಲಿ ಬೇಕಾದ ಎರಡೂ ಚಕ್ರಗಳು ಒಂದೇ ದಂಡಕ್ಕೆ ಕೂತು, ತೂಕ ಸರಿದೂಗಿಸಿಕೊಂಡು, ಕಾಯುತ್ತಿರುತ್ತವೆ. ಕೊಳ್ಳುವವರು ದಂಡವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಅಡ್ಡಕ್ಕೆ ಒಂದಿಷ್ಟು ಆಡಬಹುದು. ಉದ್ದಕ್ಕೆ ಹಿಂದೆ ಮುಂದೆ ಆಡಿದರೆ ಬೇರಿಂಗು ಹೋಗಿದೆ ಎಂದರ್ಥ.

ಕಂಪ್ರೆಸರಿಗೂ ಟರ್ಬೈನಿಗೂ ನಡುವೆ ಬೆಂಕಿಗೊಂದು ಮನೆ ಕಟ್ಟಬೇಕು. ಹೊರಗೊಂದು ದಪ್ಪ ಸಿಲಿಂಡರ್, ಒಳಗೆ ತೂತುಗಳ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ. ಉರಿ ಇರುವುದು ಒಳಗಿನ ಕೊಳವೆಯಲ್ಲಿ. ಕಂಪ್ರೆಸರಿನ ಬಾಯಿ ಎಷ್ಟು ಅಗಲವೋ ಅದರ ಎರಡರಷ್ಟು ಕೊಳವೆಯ ವ್ಯಾಸ, ಆರರಷ್ಟು ಉದ್ದ ಎಂಬುದು ಹವ್ಯಾಸಿಗಳ ಬಾಯಿಲೆಕ್ಕ. ತೂತುಗಳಿಗೂ ಲೆಕ್ಕವಿದೆ. ಒಟ್ಟು ವಿಸ್ತೀರ್ಣದಲ್ಲಿ ಶೇ. 30ರಷ್ಟು ಉರಿ ಹತ್ತುವ ತುದಿಯಲ್ಲಿ, ಶೇ. 20 ನಡುವೆ, ಉಳಿದ ಅರ್ಧ ಕೊನೆಯಲ್ಲಿ. ಕೊನೆಯ ತೂತುಗಳ ಗಾಳಿ ಉರಿಯಲು ಬರುವುದಲ್ಲ, ತಣ್ಣಗೆ ಮಾಡಲು ಬರುವುದು. ಜೆಟ್ ಎಂಜಿನ್ ನುಂಗುವ ಗಾಳಿಯಲ್ಲಿ ಬಹುಪಾಲು ಬೆಂಕಿಯನ್ನು ಸಮಾಧಾನಪಡಿಸುವುದರಲ್ಲೇ ಕಳೆಯುತ್ತದೆ. ಈ ದಪ್ಪ ಸಿಲಿಂಡರಿಗೆ ಹೊಂದುವ ಗಟ್ಟಿ ಡಬ್ಬ ಹುಡುಕಿದವರಲ್ಲಿ ಹಲವರಿಗೆ ಕೈಗೆ ಸಿಕ್ಕಿದ್ದು ಬೆಂಕಿ ಆರಿಸುವ ಹಳೆಯ ಸಿಲಿಂಡರ್. ಜೀವಮಾನವಿಡೀ ಬೆಂಕಿಯ ವಿರುದ್ಧ ಗೋಡೆಗೆ ನೇತಾಡಿದ ವಸ್ತು ನಿವೃತ್ತಿಯ ನಂತರ ಪಕ್ಷಾಂತರ ಮಾಡುತ್ತದೆ.

ಬೆಂಕಿಗಿಂತ ಹೆಚ್ಚು ಕಾಡುವುದು ಎಣ್ಣೆ. ಟರ್ಬೊ ದಂಡ ಬೇರಿಂಗಿನ ಮೇಲೆ ಕೂತಿರುವುದಿಲ್ಲ, ಒತ್ತಡದ ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತಿರುತ್ತದೆ. ಹತ್ತು ಸೆಂಟಿಮೀಟರಿನ ಚಕ್ರ ನಿಮಿಷಕ್ಕೆ 80,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 420 ಮೀಟರ್ ಓಡುತ್ತದೆ, ಅಂದರೆ ಸದ್ದಿಗಿಂತ ವೇಗ. ಆಗ ಎಣ್ಣೆ ಕೆಲವೇ ಕ್ಷಣ ನಿಂತರೂ ದಂಡ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿ, ಪಂಪು, ಫಿಲ್ಟರು, ಕೂಲರು ಎಲ್ಲವೂ ಬೈಕಿನ ಮೇಲೇರಬೇಕು. ಎಣ್ಣೆ ಹೊರಗೆ ಬರುವ ಕೊಳವೆ ದಪ್ಪಗಿದ್ದು ನೇರ ಕೆಳಗಿಳಿಯಬೇಕು. ಜಾಗ ಉಳಿಸಲು ಅದನ್ನು ಸ್ವಲ್ಪ ಓರೆಯಾಗಿ ಕೂರಿಸಿದರೂ ಎಣ್ಣೆ ಒಳಗೇ ನಿಂತು, ಟರ್ಬೈನಿನ ಕಡೆ ಸೋರಿ, ಬಿಳಿ ಹೊಗೆ ಬೀದಿ ತುಂಬುತ್ತದೆ. ಸೊಳ್ಳೆಗೆ ಹೊಗೆ ಹಾಕುವ ಪುರಸಭೆಯ ಗಾಡಿ ಬಂತೆಂದು ಜನ ಕಿಟಕಿ ಮುಚ್ಚಿದರೆ ಅವರ ತಪ್ಪಿಲ್ಲ.

ಇಂಧನವಾಗಿ ಮೊದಮೊದಲು ಎಲ್ಲರೂ ಹಿಡಿಯುವುದು ಗ್ಯಾಸ್ ಸಿಲಿಂಡರನ್ನು. ಸುಲಭವಾಗಿ ಹತ್ತುತ್ತದೆ, ಪಂಪು ಬೇಡ. ಆದರೆ ಗ್ಯಾಸು ಜೋರಾಗಿ ಹೊರಬರುತ್ತಿದ್ದಂತೆ ಸಿಲಿಂಡರ್ ತಣ್ಣಗಾಗಿ ಹೊರಮೈಗೆ ಮಂಜು ಕಟ್ಟುತ್ತದೆ, ಒಳಗೆ ಒತ್ತಡ ಕುಸಿಯುತ್ತದೆ, ಎಂಜಿನ್ ಕುಗ್ಗುತ್ತದೆ. ಬೈಕಿನ ಒಂದು ತುದಿ ಕೆಂಪಗೆ ಕಾದು ಇನ್ನೊಂದು ತುದಿ ಹಿಮ ಹೊದ್ದಿರುವ ಈ ದೃಶ್ಯದ ನಂತರ ಹವ್ಯಾಸಿ ಸೀಮೆಎಣ್ಣೆಗೋ ಡೀಸೆಲ್ಲಿಗೋ ಬಡ್ತಿ ಪಡೆಯುತ್ತಾನೆ. ಹಸಿವೂ ಸಾಮಾನ್ಯದ್ದಲ್ಲ. ಇಪ್ಪತ್ತೈದು ಕೆಜಿ ನೂಕುಬಲದ ಎಂಜಿನ್ ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರಿನಷ್ಟು ಇಂಧನವನ್ನು ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಮುಗಿಸೀತು, ಅದೂ ಒಂದು ಲೋಟ ಕಾಫಿ ಕಾಯಿಸದೆ.

ಚಾಲೂ ಮಾಡುವುದು ಒಬ್ಬನ ಕೆಲಸವಲ್ಲ. ಮೊದಲು ಎಣ್ಣೆ ಪಂಪು. ಆಮೇಲೆ ತೋಟದ ಎಲೆ ಹಾರಿಸುವ ಬ್ಲೋವರನ್ನು ಕಂಪ್ರೆಸರಿನ ಬಾಯಿಗೆ ಹಿಡಿಯಬೇಕು. ಚಕ್ರ ತಿರುಗತೊಡಗಿದಾಗ ಸ್ಪಾರ್ಕ್ ಪ್ಲಗ್, ಆಮೇಲೆ ನಿಧಾನಕ್ಕೆ ಇಂಧನ. ‘ಧಪ್’ ಎಂದು ಉರಿ ಹತ್ತುತ್ತದೆ, ಶಿಳ್ಳೆ ಏರುತ್ತದೆ, ಒಂದು ವೇಗ ದಾಟಿದ ಮೇಲೆ ಎಂಜಿನ್ ಸ್ವಂತ ಕಾಲ ಮೇಲೆ ನಿಲ್ಲುತ್ತದೆ. ಬ್ಲೋವರ್ ಹಿಡಿದವನು ಆಗ ದೂರ ಸರಿಯಬೇಕು, ಅದೂ ಚಕ್ರದ ನೇರಕ್ಕೆ ಬರದಂತೆ. ಚಕ್ರ ಒಡೆದರೆ ಚೂರುಗಳು ಹಾರುವುದು ಆ ಸಮತಲದಲ್ಲೇ. ಇಂಧನ ಅವಸರವಾದರೆ ಗಾಳಿ ಸಾಲದೆ ಉರಿ ಟರ್ಬೈನ್ ದಾಟಿ ಹೊರಗೆ ನಾಲಿಗೆ ಚಾಚುತ್ತದೆ. ಇದು ಹೊಸ ಗೋಳಲ್ಲ. 1930ರಲ್ಲಿ ಜೆಟ್ ಎಂಜಿನ್ನಿನ ಪೇಟೆಂಟಿಗೆ ಅರ್ಜಿ ಹಾಕಿದ ಫ್ರಾಂಕ್ ವಿಟ್ಲ್ ತಮ್ಮ ಮೊದಲ ಎಂಜಿನ್ನನ್ನು ರಗ್ಬಿ ಪಟ್ಟಣದಲ್ಲಿ ಚಾಲೂ ಮಾಡಿದ್ದು 1937ರ ಏಪ್ರಿಲ್ 12ರಂದು. ಅದು ಇಂಧನದ ಕವಾಟ ಮುಚ್ಚಿದರೂ ಕೇಳದೆ ವೇಗ ಏರಿಸುತ್ತಲೇ ಹೋಯಿತು. ಜೊತೆಗಿದ್ದವರು ಓಡಿದರು, ವಿಟ್ಲ್ ಮಾತ್ರ ನಿಂತರು. ಒಳಗೆ ಸೋರಿ ನಿಂತಿದ್ದ ಇಂಧನವೇ ಉರಿಯುತ್ತಿತ್ತು ಎಂದು ಆಮೇಲೆ ತಿಳಿಯಿತು. ಶೆಡ್ಡುಗಳಲ್ಲಿ ಆ ಪ್ರಸಂಗ ಇಂದಿಗೂ ನಡೆಯುತ್ತದೆ. ವಿಟ್ಲ್ ಪಾತ್ರಧಾರಿಯೂ ಓಡುತ್ತಾನೆಂಬುದಷ್ಟೇ ವ್ಯತ್ಯಾಸ.

ಶ್ರುತಿ ಸೇರಿಸುವುದು ಹಿಂದಿನ ನಾಝಲ್‌ನಿಂದ. ಬಾಯಿ ದೊಡ್ಡದಾದರೆ ಗಾಳಿ ಸೋಮಾರಿಯಾಗಿ ಹೊರಬಂದು ನೂಕುಬಲ ಸಿಗುವುದಿಲ್ಲ. ಚಿಕ್ಕದಾದರೆ ಉಷ್ಣತೆ ಏರುತ್ತದೆ. ಇನ್ನೂ ಬಿಗಿದರೆ ಗಾಳಿ ಬಂದ ದಾರಿಗೇ ಮರಳಿ ‘ಢಂ ಢಂ’ ಎನ್ನುತ್ತದೆ. ಬೈಕನ್ನು ಕಂಬಕ್ಕೆ ಕಟ್ಟಿ, ನಡುವೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ನಾಝಲ್‌ನ ತುದಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತ, ಒಂದು ಕಣ್ಣು ಉಷ್ಣತೆಯ ಮೀಟರಿನ ಮೇಲಿಟ್ಟು ದಿನಗಳು ಕಳೆಯುತ್ತವೆ. ಡೀಸೆಲ್ ಲಾರಿಯ ಟರ್ಬೊ ಸುಮಾರು 700 ಡಿಗ್ರಿಯವರೆಗೆ ಸಹಿಸುತ್ತದೆ. ಅದರಾಚೆ ಬಹಳ ಹೊತ್ತು ಓಡಿಸಿದರೆ ಅಲಗುಗಳು ಉದ್ದವಾಗಿ ಕೇಸಿಂಗಿಗೆ ಉಜ್ಜುತ್ತವೆ. ಎಂಜಿನ್ ಅಷ್ಟಕ್ಕೆ ಸುಮ್ಮನಿದ್ದರೂ ಯಜಮಾನ ಸುಮ್ಮನಿರುವುದಿಲ್ಲ. ಹಿಂದಿನ ಕೊಳವೆಗೆ ಇನ್ನಷ್ಟು ಇಂಧನ ಚಿಮ್ಮಿಸಿ ಆಫ್ಟರ್‌ಬರ್ನರ್ ಮಾಡುತ್ತಾನೆ. ನೂಕುಬಲ ಸ್ವಲ್ಪ ಹೆಚ್ಚುತ್ತದೆ, ಬೆಂಕಿಯ ಬಾಲ ಬಹಳ ಹೆಚ್ಚುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ.

ಇಷ್ಟಾಗಿ ಬೈಕು ಎಷ್ಟು ಬಲಶಾಲಿ? ಲೆಕ್ಕ ಹಾಕಬಾರದು, ಹಾಕಿದರೆ ಬೇಸರವಾಗುತ್ತದೆ. ನೂಕುಬಲವನ್ನು ವೇಗದಿಂದ ಗುಣಿಸಿದರೆ ಶಕ್ತಿ. ಇಪ್ಪತ್ತೈದು ಕೆಜಿ ನೂಕುಬಲ ಗಂಟೆಗೆ 36 ಕಿ.ಮೀ. ವೇಗದಲ್ಲಿ ಕೊಡುವುದು ಮೂರೂಕಾಲು ಅಶ್ವಶಕ್ತಿ, ಮೊಪೆಡ್ಡಿನ ಮಟ್ಟ. ನಿಂತಿರುವಾಗ ಸೊನ್ನೆ. ವೇಗ ಹೆಚ್ಚಿದಂತೆ ಲೆಕ್ಕ ಸುಧಾರಿಸುತ್ತದೆ. ಜೆಟ್ ಇರುವುದೇ ಗಂಟೆಗೆ ನೂರಾರು ಕಿಲೋಮೀಟರ್ ಹಾರುವ ವಿಮಾನಕ್ಕೆ. ಇತ್ತ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಯೋಚಿಸಿ ಏಳುತ್ತದೆ. ಬಿಟ್ಟರೂ ಇನ್ನೊಂದಿಷ್ಟು ಹೊತ್ತು ನೂಕುತ್ತಲೇ ಇರುತ್ತದೆ. ಗೇರಿನ ಹಿಡಿತವಿಲ್ಲದ್ದರಿಂದ ನಿಲ್ಲಿಸುವ ಭಾರವೆಲ್ಲ ಬ್ರೇಕಿನದೇ. ಎರಡು ಮೊಣಕಾಲಿನ ನಡುವೆ ಕೆಂಡದಂಥ ಕೇಸಿಂಗ್ ಇರುವಾಗ ಸವಾರ ಕೂರುವ ಭಂಗಿಯೂ ವಿಶಿಷ್ಟವಾಗಿರುತ್ತದೆ.

ಓಡಿಸಲು ಹಳೆಯ ವಿಮಾನ ರನ್‌ವೇಗಳೋ ಡ್ರ್ಯಾಗ್ ರೇಸಿನ ಪಟ್ಟಿಗಳೋ ಬೇಕು. ಇಂಗ್ಲೆಂಡಿನಲ್ಲಿ ಸಾಂಟಾ ಪಾಡ್, ಎಲ್ವಿಂಗ್ಟನ್ ಅಂಥವು. ಎಲ್ವಿಂಗ್ಟನ್‌ನಲ್ಲೇ 2006ರಲ್ಲಿ ಟಿ.ವಿ. ನಿರೂಪಕ ರಿಚರ್ಡ್ ಹ್ಯಾಮಂಡ್ ಓಡಿಸುತ್ತಿದ್ದ ‘ವ್ಯಾಂಪೈರ್’ ಎಂಬ ಜೆಟ್ ಕಾರು ಟಯರು ಸಿಡಿದು ಉರುಳಿತು, ಅವರು ಬದುಕಿದರು. ಆ ಕಾರಿನಲ್ಲಿದ್ದದ್ದು ಆರ್ಫಿಯಸ್ ಎಂಜಿನ್. 1957ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನ್ ವಿಭಾಗ ಶುರುವಾದದ್ದೂ ಇದೇ ಆರ್ಫಿಯಸ್ ಕಟ್ಟಲು. ನಮ್ಮ ನ್ಯಾಟ್ ಮತ್ತು ಮಾರುತ್ ಯುದ್ಧವಿಮಾನಗಳು ಹಾರಿದ್ದು ಅದರಿಂದ. ಬೆಂಗಳೂರಿಗರು ಅದನ್ನು ಕಾರಿಗೆ ಹಾಕುವ ಯೋಚನೆ ಮಾಡದಿದ್ದುದು ಊರಿನ ಪುಣ್ಯ.

ನಮ್ಮ ರಸ್ತೆಗೆ ಇಂಥ ಬೈಕು ಇಳಿಯುವಂತಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಒಪ್ಪುವುದಿಲ್ಲ. ಒಪ್ಪಿದರೂ ಹೊಗೆ ತಪಾಸಣೆಯ ಹುಡುಗ ಈ ಸೈಲೆನ್ಸರಿಗೆ ಯಾವ ಕೋಲು ತೂರಿಸಿಯಾನು? ಸದ್ದಿನ ಮಾತು ಬೇರೆ. ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿದಂತೆ ಜೆಟ್ಟಿನ ಸದ್ದು ಗಾಳಿಯ ವೇಗದ ಎಂಟನೆಯ ಘಾತದಲ್ಲಿ ಏರುತ್ತದೆ. ವೇಗ ಎರಡರಷ್ಟಾದರೆ ಸದ್ದಿನ ಶಕ್ತಿ 256ರಷ್ಟು. ಪಕ್ಕದ ಮನೆಯವರಿಗೆ ಸೂತ್ರ ಗೊತ್ತಿಲ್ಲದಿದ್ದರೂ ಉತ್ತರ ಗೊತ್ತಿರುತ್ತದೆ.

ಓಟ ಮುಗಿದ ಮೇಲೂ ಎಣ್ಣೆ ಪಂಪನ್ನು ನಿಲ್ಲಿಸುವಂತಿಲ್ಲ. ಬ್ಲೋವರಿನಿಂದ ತಣ್ಣನೆಯ ಗಾಳಿ ಹಾಯಿಸುತ್ತ ಕೆಲವು ನಿಮಿಷ ಬಿಡಬೇಕು. ಇಲ್ಲದಿದ್ದರೆ ಬೇರಿಂಗಿನಲ್ಲಿ ಉಳಿದ ಎಣ್ಣೆ ಸೀದು ಕರಕಲಾಗಿ ಕೂರುತ್ತದೆ. ಆಮೇಲೆ ಬೈಕನ್ನು ವ್ಯಾನಿಗೇರಿಸಿ ಮನೆಗೆ ತಂದು, ಉರಿಯ ಕೊಳವೆ ಬಿಚ್ಚಿ, ಟಾರ್ಚು ಬಿಟ್ಟು ತೂತುಗಳ ಅಂಚಿನಲ್ಲಿ ಬಿರುಕು ಹುಡುಕುತ್ತಾರೆ. ಕಂಪ್ರೆಸರ್ ಚಕ್ರ ಬೆರಳಿಗೆ ಸಲೀಸಾಗಿ ತಿರುಗಿದರೆ ಮುಂದಿನ ರಜೆಗೆ ಎಂಜಿನ್ ಸಿದ್ಧ. ಗರಗರ ಎಂದರೆ ಬೇರಿಂಗ್ ಕಿಟ್ ತರಿಸಬೇಕು; ಟರ್ಬೈನ್ ಅಲಗು ಸವೆದಿದ್ದರೆ ಇಡೀ ಟರ್ಬೊವನ್ನೇ ಬದಲಿಸಬೇಕು.