ಹವಳದ ದಿಬ್ಬದ ಜಮೀನುದಾರ

ಡ್ಯಾಮ್ಸೆಲ್ ಮೀನುಗಳದು ಬಣ್ಣಕ್ಕೆ ಹೆಸರಾದ ಮನೆತನ. ಪೊಮಸೆಂಟ್ರಿಡೇ ಎಂಬ ಈ ಕುಟುಂಬದಲ್ಲಿ ಸುಮಾರು 400 ಪ್ರಭೇದಗಳಿವೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಹೊದ್ದ ಕ್ಲೌನ್ ಮೀನೂ ಇದೇ ಕುಲದ್ದು. 2003ರ ‘ಫೈಂಡಿಂಗ್ ನೀಮೋ’ ಸಿನಿಮಾದಲ್ಲಿ ಅದು ಮಿಂಚಿಯೂ ಆಯಿತು. ಸಂದರ್ಶನಕ್ಕೆ ಸಿಕ್ಕಿದ್ದು ಮಾತ್ರ ಮನೆತನದ ಮಂಕು ಕಂದು ಸದಸ್ಯ, ಸ್ಟೆಗಾಸ್ಟೆಸ್ ನೈಗ್ರಿಕಾನ್ಸ್. ಉದ್ದ ಒಂದು ಗೇಣಿಗೂ ಕಡಿಮೆ. ವಾಸ ಜಪಾನಿನ ಓಕಿನಾವಾದಲ್ಲಿ, ಆಳವಿಲ್ಲದ ಹವಳದ ದಿಬ್ಬದ ಮೇಲೆ. ಕಸುಬು ಒಕ್ಕಲುತನ.

ಬಣ್ಣವೇಕಿಲ್ಲ ಎಂಬ ಮೊದಲ ಪ್ರಶ್ನೆಗೆ, ಹೊಲದಲ್ಲಿ ಗೇಯುವವರು ಜರತಾರಿ ಉಡುವುದಿಲ್ಲ ಎಂಬ ಉತ್ತರ ಬಂತು. ‘ಡ್ಯಾಮ್ಸೆಲ್’ ಎಂದರೆ ಕನ್ಯೆ ಅಲ್ಲವೇ ಎಂದದ್ದಕ್ಕೆ ಮೀನು ಸಿಡುಕಿತು. ಹೆಸರಿಟ್ಟವರು ಅದರಿಂದ ಕಚ್ಚಿಸಿಕೊಂಡಿರಲಾರರು. ಮೇಲಾಗಿ ಉತ್ತರಿಸುತ್ತಿದ್ದುದು ಗಂಡು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋದರೆ ಮರಿಯೊಡೆಯುವ ತನಕ ಕಾವಲು ಗಂಡಿನದೇ.

ಬೆಳೆಯ ವಿಚಾರ ಬಂದಾಗ ಮಾತಿಗೆ ತಡೆಯೇ ಇರಲಿಲ್ಲ. ಪಾಲಿಸೈಫೋನಿಯಾ ಎಂಬ ಎಳೆಎಳೆಯಾದ ಕೆಂಪು ಪಾಚಿ, ಅದೊಂದೇ ಬೆಳೆ. ಪಾಚಿಯನ್ನು ಅರೆಯುವ ಅಂಗ ಈ ಮೀನಿಗಿಲ್ಲ, ನಾರನ್ನು ಕರಗಿಸುವ ಕಿಣ್ವವೂ ಇಲ್ಲ, ಮೆತ್ತನೆಯದೇ ಬೇಕು. ಆದ್ದರಿಂದ ಅರಗದ ಪಾಚಿ ಮೊಳೆತರೆ ಬಾಯಿಂದ ಕಿತ್ತು, ಬದುವಿನಾಚೆ ಒಯ್ದು ಉಗುಳುತ್ತದೆ. ಪಕ್ಕದವರ ಹೊಲಕ್ಕೆ ಬೀಳುವುದಿಲ್ಲವೇ? ಆ ಪ್ರಶ್ನೆ ಮೀನಿಗೆ ಕೇಳಿಸಲಿಲ್ಲ. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಒಳಹೊಕ್ಕರೆ ಮುಳ್ಳು ಕಚ್ಚಿ ಹಿಡಿದೇ ಹೊರಗೆಳೆಯುತ್ತದೆ. ಮುಳುಗುಗಾರರ ಕೈಯನ್ನೂ ಬಿಡದು. ಒಂಟಿ ಕಳ್ಳರಿಗೆ ಇಷ್ಟು ಸಾಕು. ಸರ್ಜನ್ ಮೀನುಗಳು ಹಿಂಡುಗಟ್ಟಿ ನುಗ್ಗಿದರೆ ಮಾತ್ರ, ಒಂದನ್ನು ಅಟ್ಟುವಷ್ಟರಲ್ಲಿ ಉಳಿದವು ಮೇದು ಮುಗಿಸಿರುತ್ತವೆ. ಇದು ಸಂಘಟಿತ ದೌರ್ಜನ್ಯ, ಹಾಗೆಂದೇ ಬರೆದುಕೊಳ್ಳಬೇಕು ಎಂದು ಮೀನು ಪಟ್ಟು ಹಿಡಿಯಿತು.

ಪಹಣಿ ಇದೆಯೇ ಎಂದು ಕೇಳಲಾಯಿತು. ಹಿರೋಕಿ ಹತಾ ಮತ್ತು ಮಕೋಟೊ ಕತೋ ಎಂಬ ಜಪಾನಿ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ಮೀನು ಮುಂದೆ ಹಿಡಿಯಿತು. ಅದರ ಪ್ರಕಾರ ಓಕಿನಾವಾದಲ್ಲಿ ಆ ಪಾಚಿ ಕಂಡುಬಂದದ್ದು ಈ ಮೀನಿನ ಹೊಲಗಳಲ್ಲಿ ಮಾತ್ರ. ಒಕ್ಕಲನ್ನು ಎಬ್ಬಿಸಿದರೆ ಬೆಳೆಯೂ ಉಳಿಯದು. ಹಾಗಾದರೆ ಪಾಚಿಯೇ ಮೀನನ್ನು ಜೀತಕ್ಕಿಟ್ಟುಕೊಂಡಿದೆ ಎನ್ನಬಹುದಲ್ಲ ಎಂಬ ಕೊನೆಯ ಪ್ರಶ್ನೆಗೂ ಉತ್ತರ ಬಾಯಿಂದಲೇ ಬಂತು: ಬರೆಯುತ್ತಿದ್ದ ಪೆನ್ಸಿಲನ್ನು ಕಚ್ಚಿ, ಬದುವಿನಾಚೆ ಒಯ್ದು ಉಗುಳಲಾಯಿತು.