ಒಂದು ಕ್ಯಾನು ಸಮುದ್ರಕ್ಕೆ

ಕೋಲಾರ ಜಿಲ್ಲೆಯಲ್ಲಿ ಯಾವುದರ ಬಗ್ಗೆ ಬೇಕಾದರೂ ತಮಾಷೆ ಮಾಡಬಹುದು, ನೀರಿನ ಬಗ್ಗೆ ಮಾತ್ರ ಕೂಡದು. ವರ್ಷವಿಡೀ ಹರಿಯುವ ಒಂದು ಹೊಳೆ ನಮಗಿಲ್ಲ. ಕೆರೆಗಳೇನೋ ಎರಡು ಸಾವಿರಕ್ಕೂ ಮೇಲಿವೆ; ಅವುಗಳಲ್ಲಿ ನೀರಿಗಿಂತ ಜಾಲಿಯೇ ಹುಲುಸಾಗಿದ್ದ ಕಾಲವನ್ನೂ ಕಂಡಿದ್ದೇವೆ. ಬೆಂಗಳೂರಿನವರು ಬಳಸಿ ಬಿಟ್ಟ ನೀರು ಶುದ್ಧೀಕರಣಗೊಂಡು, ಕೆ.ಸಿ. ವ್ಯಾಲಿ ಪೈಪಿನಲ್ಲಿ 2018ರಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಿದ್ದಾಗ, ಅದನ್ನೇ ಕಣ್ಣಿಗೊತ್ತಿಕೊಂಡವರು ನಾವು. ಇಂಥ ಜಿಲ್ಲೆಯ ಯಲ್ದೂರಿನಲ್ಲಿ, ಮಾವಿನ ತೋಪುಗಳ ನಡುವೆ ಕೂತು, ಇರುವ ಸಿಹಿನೀರಿಗೂ ಉಪ್ಪು ಕಲಸುವವನನ್ನು ಊರು ಹೇಗೆ ನೋಡಬೇಕೋ ಹಾಗೇ ನನ್ನನ್ನು ನೋಡುತ್ತದೆ.

ನನ್ನ ಸಮುದ್ರ ಇನ್ನೂರು ಲೀಟರಿನದು. ಹಜಾರದಲ್ಲಿ, ಟಿ.ವಿ. ಇದ್ದ ಜಾಗದಲ್ಲಿದೆ. ಅದಕ್ಕೆ ಬೋರ್‌ವೆಲ್ ನೀರು ಆಗುವುದಿಲ್ಲ, ಫಿಲ್ಟರ್ ನೀರೇ ಬೇಕು. ಹಾಗಾಗಿ ಶುದ್ಧ ನೀರಿನ ಘಟಕದ ಮುಂದೆ ಊರವರ ಜೊತೆ ನಾನೂ ಕ್ಯಾನು ಹಿಡಿದು ನಿಲ್ಲುತ್ತೇನೆ. “ಮನೇಲಿ ಇರೋ ನಾಲ್ಕು ಜನಕ್ಕೆ ಇಷ್ಟೊಂದು ನೀರು ಯಾಕಪ್ಪಾ?” ಎಂದು ಹಿಂದಿನವರು ಕೇಳಿದರೆ, “ಒಂದು ಕ್ಯಾನು ಮನೆಗೆ, ಒಂದು ಸಮುದ್ರಕ್ಕೆ” ಎನ್ನುತ್ತೇನೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

ಸಮುದ್ರದ ಹದ ಲೀಟರಿಗೆ 35 ಗ್ರಾಂ ಉಪ್ಪು. ಇನ್ನೂರು ಲೀಟರಿಗೆ ಏಳು ಕೆ.ಜಿ. ಅಡುಗೆ ಉಪ್ಪು ಸುರಿದರೆ ಆಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಕೂಡಿದ ಬೇರೆಯ ಉಪ್ಪನ್ನೇ ಬೆಂಗಳೂರಿನಿಂದ ತರಬೇಕು. ಅದನ್ನು ಕಲಸಲು ಮನೆಯಲ್ಲಿ ಸಿಕ್ಕಿದ್ದು ಅಮ್ಮ ಮಾವಿನಕಾಯಿ ಉಪ್ಪಿಗೆ ಹಾಕುವ ನೀಲಿ ಡ್ರಮ್ಮು. ನಾನು ಕೋಲಿನಿಂದ ತಿರುವುತ್ತಿದ್ದರೆ ಅಮ್ಮ ಬಾಗಿಲಲ್ಲಿ ನಿಂತು, “ಉಪ್ಪಂತೂ ಹಾಕಿದ್ದಾಯ್ತು, ನಾಲ್ಕು ಕಾಯಿ ಹೆಚ್ಚಿ ಹಾಕು, ಉಪ್ಪಿನಕಾಯಾದ್ರೂ ಆಗ್ಲಿ” ಎನ್ನುತ್ತಾಳೆ.

ಮರಳಿನ ಮೂಟೆ ಇಳಿಸಿದ ದಿನ ಇನ್ನೊಂದು ಪ್ರಸಂಗ. ಫಿಲ್ಟರ್ ಮರಳಿನ ದಂಧೆಯ ಸುದ್ದಿಯನ್ನು ಪೇಪರಿನಲ್ಲಿ ಓದಿ ಓದಿ ಹಣ್ಣಾದ ಜಿಲ್ಲೆ ನಮ್ಮದು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿ ಮೆಲ್ಲಗೆ, “ಪರ್ಮಿಟ್ ಮಾಡಿಸಿದ್ದೀರಾ?” ಎಂದರು. ಹವಳದ ಪುಡಿಯ ಮರಳು, ಮೀನಿಗೆ ಅಂದೆ. “ನಮ್ಮೂರ ಕೆರೇಲಿ ಕಟ್ಲಾ ಮೀನು ಮರಳಿಲ್ದೇನೇ ಮೂರು ಕೆ.ಜಿ. ಬರುತ್ತೆ. ನಿಮ್ಮದು ಎಷ್ಟು ತೂಗುತ್ತೆ? ಸಾರಿಗೆ ಆಗುತ್ತಾ?” ಎಂದರು. ಸಾರಿಗಾಗದ ಮೀನನ್ನು ಸಾಕುವುದು ಯಲ್ದೂರಿನಲ್ಲಿ ಹಾಲು ಕೊಡದ ಹಸುವನ್ನು ಮೇಯಿಸಿದಂತೆ.

ಆ ಮೀನೇ ಜಾಫಿಶ್. ಹಳದಿ ತಲೆ, ತಿಳಿನೀಲಿ ಮೈ, ಉದ್ದ ನಾಲ್ಕು ಅಂಗುಲದಷ್ಟು. ತೌರು ಫ್ಲಾರಿಡಾ, ಕೆರಿಬಿಯನ್ ಕಡೆಯ ಸಮುದ್ರ. ಮೈಗೆ ಮೀರಿದ ಬಾಯಿ. ಆ ಬಾಯಿ ಇರುವುದು ತಿನ್ನುವುದಕ್ಕಿಂತ ಹೆಚ್ಚಾಗಿ ಅಗೆಯುವುದಕ್ಕೆ. ಬಾಯ್ತುಂಬ ಮರಳು ತುಂಬಿಕೊಂಡು ಮೇಲೆ ಬರುತ್ತದೆ, ಒಂದು ಕಡೆ ಉಗುಳುತ್ತದೆ, ಮತ್ತೆ ತಲೆ ಕೆಳಗಾಗಿ ಇಳಿಯುತ್ತದೆ. ಬೆಳಗಿನಿಂದ ಸಂಜೆವರೆಗೆ ಇದೇ ಕೂಲಿ. ಅದಕ್ಕಾಗಿಯೇ ತೊಟ್ಟಿಯ ತಳಕ್ಕೆ ಅರ್ಧ ಅಡಿ ಮರಳು ಹಾಕಿದ್ದೇನೆ.

ಮನೆಯವರಿಗೆ ಅರ್ಥವಾಗದ ಈ ಮೀನು ನಮ್ಮ ಚಿಕ್ಕಪ್ಪನಿಗೆ ನೋಡಿದ ಕೂಡಲೇ ಅರ್ಥವಾಯಿತು. ಅಗೆಯುವುದು ನಮ್ಮ ಜಿಲ್ಲೆಯ ಕುಲಕಸುಬು. ಚಿನ್ನಕ್ಕಾಗಿ ಕೆ.ಜಿ.ಎಫ್.ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದೆವು. 2001ರಲ್ಲಿ ಆ ಗಣಿ ಮುಚ್ಚಿತು. ನೀರಿಗಾಗಿ 1,500 ಅಡಿಯವರೆಗೂ ಕೊರೆದೆವು. ಅದು ಮುಚ್ಚುವ ಲಕ್ಷಣವಿಲ್ಲ. ಚಿಕ್ಕಪ್ಪನೂ ತೋಪಿನಲ್ಲಿ ಹಲವು ಕಡೆ ಕೊರೆಸಿ ಧೂಳು ನೋಡಿದವರು. ಅವರು ಕುರ್ಚಿ ಎಳೆದುಕೊಂಡು ಗಾಜಿನ ಮುಂದೆ ಕೂತು ಕಾಮೆಂಟರಿ ಶುರುಮಾಡಿದರು. ಮೀನು ಒಂದು ಮೂಲೆಯಲ್ಲಿ ಮರಳು ಮೂಸಿದರೆ, “ಪಾಯಿಂಟ್ ನೋಡ್ತಾ ಇದೆ.” ತಳದ ಗಾಜಿಗೆ ಮೂತಿ ತಾಗಿ ವಾಪಸು ಬಂದರೆ, “ಬಂಡೆ ಸಿಕ್ತು, ಬೋರ್ ಫೇಲು.” ಆಮೇಲೆ ಮೀನು ಚಿಪ್ಪಿನ ಚೂರು, ಹವಳದ ಹರಳುಗಳನ್ನು ಒಂದೊಂದಾಗಿ ಕಚ್ಚಿ ತಂದು ಬಿಲದ ಗೋಡೆಗೆ ಒತ್ತಿ ಕೂರಿಸತೊಡಗಿತು. ಒಂದು ಹರಳು ಜಾರಿದರೆ ಹೊರಗೆ ತಂದು, ತಿರುಗಿಸಿ ಹಿಡಿದು, ಮತ್ತೆ ಒಯ್ದು ಕೂರಿಸುತ್ತಿತ್ತು. ಚಿಕ್ಕಪ್ಪ ಎದ್ದೇ ನಿಂತರು: “ನೋಡೋ, ಕೇಸಿಂಗ್ ಇಳಿಸ್ತಾ ಇದೆ! ನಮ್ಮ ಬೋರ್ ಲಾರಿಯವನು ಕೇಸಿಂಗಲ್ಲಿ ಮೋಸ ಮಾಡಿದ್ದ ಕಣೋ.”

ಕತ್ತಲಾದರೆ ಒಂದು ಚಿಪ್ಪನ್ನು ಬಿಲದ ಬಾಯಿಗೆ ಎಳೆದುಕೊಂಡು ಮಲಗುತ್ತದೆ. ಹಗಲು ಪಕ್ಕದ ಜಾಫಿಶ್ ತಲೆ ತಗ್ಗಿಸಿದ್ದೇ ತಡ, ಅದರ ಬಿಲದ ಕಲ್ಲು ಕದ್ದು ತರುತ್ತದೆ. ಪಹಣಿ ಇಲ್ಲ, ಸರ್ವೆ ಇಲ್ಲ. ಒತ್ತುವರಿ ಮಾತ್ರ ಕ್ರಮಬದ್ಧ.

ಇವುಗಳಲ್ಲಿ ಬಸುರಿ ಬಯಕೆಯೆಲ್ಲ ಗಂಡಿನ ಪಾಲಿಗೆ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಬಾಯಲ್ಲಿ ತುಂಬಿಕೊಂಡು, ಮರಿಯಾಗುವವರೆಗೆ ಒಂದು ವಾರದ ಮೇಲೆ ಕಾಯುತ್ತದೆ. ಆಗಾಗ ಬಾಯಿ ಅಗಲಿಸಿ ಮೊಟ್ಟೆಗಳಿಗೆ ಗಾಳಿಯಾಡಿಸುತ್ತದೆ, ಊಟ ಅಷ್ಟಕ್ಕಷ್ಟೆ. ಇದನ್ನು ಹೆಂಡತಿಗೆ ತೋರಿಸಿ ವಿವರಿಸಿದೆ. ಅವಳು ಬಹಳ ಹೊತ್ತು ನೋಡಿ, “ಮಕ್ಕಳನ್ನ ನೋಡ್ಕೊಳ್ಳೋದೂ ಆಯ್ತು, ಬಾಯಿ ಮುಚ್ಕೊಂಡಿರೋದೂ ಆಯ್ತು” ಅಂದಳು. ಆ ಮಾತನ್ನು ಮೀನಿನ ಬಗ್ಗೆಯೇ ಹೇಳಿದ್ದೆಂದು ತಿಳಿದು ಸುಮ್ಮನಾದೆ.

ಇನ್ನು ಕರೆಂಟು. ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ 1902ರಲ್ಲೇ ಕರೆಂಟು ಬಂದ ಜಿಲ್ಲೆ ಇದು. ಹೋಗಿ ಬರುವ ಅಭ್ಯಾಸವೂ ಅಷ್ಟೇ ಹಳೆಯದಿರಬೇಕು. ಜಾಫಿಶ್‌ಗೆ ದಿಢೀರ್ ಕತ್ತಲಾದರೆ ಗಾಬರಿ, ಗಾಬರಿಯಾದರೆ ನೆಗೆಯುತ್ತದೆ. ತೊಟ್ಟಿ ತೆರೆದಿದ್ದರೆ ನೇರ ನೆಲಕ್ಕೆ. ಅದಕ್ಕೇ ಕಿಟಕಿಗೆ ತಂದ ಸೊಳ್ಳೆ ಜಾಲರಿಯಲ್ಲಿ ಅರ್ಧ ಕತ್ತರಿಸಿ ಸಮುದ್ರಕ್ಕೆ ಹೊದಿಸಿದ್ದೇನೆ. ಪಂಪಿಗೂ ಒಂದು ಸಣ್ಣ ದೀಪಕ್ಕೂ ಯು.ಪಿ.ಎಸ್. ಲೈನು ಕೊಟ್ಟಿದ್ದೇನೆ. ರಾತ್ರಿ ಕರೆಂಟು ಹೋದಾಗ ನಮ್ಮ ಬೀದಿಯಲ್ಲಿ ಬೆಳಕಿರುವುದು ಮೀನಿಗೆ ಮಾತ್ರ. ಮನೆಮಂದಿ ಸೊಳ್ಳೆ ಹೊಡೆಯುತ್ತ ಅದರ ಮುಂದೆ ಕೂತು ಊಟ ಮಾಡುತ್ತೇವೆ.

ಮೊನ್ನೆ ಚಿಕ್ಕಪ್ಪ ಮತ್ತೊಂದು ಪಾಯಿಂಟ್ ಹಾಕಿಸಿದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಪು ಸುತ್ತಿದವನ ಕೈಯಲ್ಲಿ ಕಾಯಿ ನೆಟ್ಟಗೆ ಎದ್ದು ನಿಂತಿತಂತೆ. ಆ ಖುಷಿಯಲ್ಲಿ, “ನೀರು ಬಿದ್ರೆ ನಿನ್ನ ಸಮುದ್ರಕ್ಕೂ ಒಂದು ಡ್ರಮ್ಮು ಕಳಿಸ್ತೀನಿ, ಕ್ಯೂ ನಿಲ್ಲೋದು ಬಿಡು” ಎಂದರು.

“ಬೇಡ ಚಿಕ್ಕಪ್ಪ, ಬೋರ್ ನೀರು ಇದಕ್ಕೆ ಆಗಲ್ಲ. ನೈಟ್ರೇಟು, ಫ್ಲೋರೈಡು, ಏನೇನೋ ಇರುತ್ತೆ.”

“ಸಮುದ್ರದಲ್ಲಿ ಫ್ಲೋರೈಡ್ ಇಲ್ವೇನೋ?”

“ಇದೆ. ಲೀಟರಿಗೆ 1.3 ಮಿಲಿಗ್ರಾಂ. ಕುಡಿಯೋ ನೀರಿಗೆ ಸರ್ಕಾರ ಇಟ್ಟಿರೋ ಗಡಿ 1.5. ನಮ್ಮ ಜಿಲ್ಲೇಲಿ ಎಷ್ಟೋ ಬೋರ್‌ವೆಲ್ಲು ಅದನ್ನೂ ದಾಟಿವೆ.”

“ಅಂದ್ರೆ ಸಮುದ್ರಕ್ಕಿಂತ ನಾವೇ ಜಾಸ್ತಿ?”

“ಫ್ಲೋರೈಡಲ್ಲಿ ನಾವೇ.”

ಚಿಕ್ಕಪ್ಪ ಹೆಮ್ಮೆಪಡಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟುತ್ತ ಹೇಳಿದರು: “ಬೋರ್ ಹೆಂಗೂ ಹಾಕಿಸ್ತೀನಿ, ಅಡ್ವಾನ್ಸ್ ಕೊಟ್ಟಾಗಿದೆ. ನೀನು ಮಾತ್ರ ನಾಳೆ ಮೀನಿಗೆ ನೀರು ತರೋವಾಗ ನನಗೂ ಒಂದು ಕ್ಯಾನು ಹಿಡ್ಕೊಂಡು ಬಾ.”