ಮುನ್ನೂರರ ಸಾಹುಕಾರರು

ತಾಲ್ಲೂಕು ಕಚೇರಿಯೋ, ನೀರಾವರಿಯೋ, ಖಜಾನೆಯೋ, ಸರ್ಕಾರದ ಯಾವ ಕಚೇರಿಗೆ ಹೋದರೂ ಅಲ್ಲೊಬ್ಬರು ರಜೆ ರಾಯರು ಇದ್ದೇ ಇರುತ್ತಾರೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪುಸ್ತಕ ಕೆ.ಸಿ.ಎಸ್.ಆರ್.ನಲ್ಲಿ ರಜೆಯ ಅಧ್ಯಾಯ ಅವರಿಗೆ ಬಾಯಿಪಾಠ. ಉಳಿದ ಅಧ್ಯಾಯಗಳ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ.

ಹೊಸ ವರ್ಷದ ರಜಾಪಟ್ಟಿ ಬಂದ ದಿನ ರಾಯರು ಬೇರೆ ಕಡತ ಮುಟ್ಟುವುದಿಲ್ಲ. 2025ರ ಪಟ್ಟಿ ನೋಡಿ ಮಧ್ಯಾಹ್ನದ ಕಾಫಿಯನ್ನೇ ಬಿಟ್ಟಿದ್ದರು. ಗಣರಾಜ್ಯೋತ್ಸವ ಭಾನುವಾರ, ಯುಗಾದಿ ಭಾನುವಾರ, ಮಹಾಲಯ ಅಮಾವಾಸ್ಯೆಯೂ ಭಾನುವಾರ. “ಪಿತೃಗಳಿಗೂ ನಮ್ಮ ಮೇಲೆ ಕರುಣೆ ಇಲ್ಲವಲ್ಲಯ್ಯಾ!”

2019ರ ಗಾಯವಂತೂ ಇನ್ನೂ ಮಾಯ್ದಿಲ್ಲ. ಆ ವರ್ಷ ಸರ್ಕಾರ ನಾಲ್ಕನೇ ಶನಿವಾರ ರಜೆ ಕೊಟ್ಟು, ಸಾಂದರ್ಭಿಕ ರಜೆಯನ್ನು (ಸಿ.ಎಲ್.) 15ರಿಂದ 10ಕ್ಕೆ ಇಳಿಸಿತು. “ಹನ್ನೆರಡು ಕೊಟ್ಟು ಐದು ತಗೊಂಡ್ರೆ ಏಳು ಲಾಭವಲ್ವಾ ಸಾರ್?” ಎಂದ ಹೊಸ ಗುಮಾಸ್ತನನ್ನು ಕನ್ನಡಕದ ಮೇಲಿಂದ ನೋಡಿದರು. “ಕೊಟ್ಟ ಹನ್ನೆರಡು ಊರಿಗೆಲ್ಲ ಕೊಟ್ಟದ್ದು. ಕಿತ್ತ ಐದು ನನ್ನದು!”

ಹಾಗಂತ ರಾಯರು ಜಿಪುಣರಲ್ಲ, ವಿದ್ಯಾದಾನದಲ್ಲಿ ಧಾರಾಳಿ. ಅದೇ ಗುಮಾಸ್ತ ತಂಗಿಯ ಮದುವೆಗೆ ರಜೆ ಕೇಳಿ ಬಂದಾಗ ಕುರ್ಚಿ ಎಳೆದು ಕೂರಿಸಿದರು.

“ಸಿ.ಎಲ್. ನಡುವೆ ಭಾನುವಾರ ಬಂದ್ರೆ ಅದು ಲೆಕ್ಕಕ್ಕಿಲ್ಲ. ಇ.ಎಲ್. ಅಂದ್ರೆ ಗಳಿಕೆ ರಜೆ, ಅದರ ನಡುವೆ ಬಂದ್ರೆ ಅದೂ ಹೋಯ್ತು. ಎರಡನ್ನೂ ಜೋಡಿಸೋ ಹಾಗಿಲ್ಲ, ನೆನಪಿರಲಿ.”

“ಮದುವೆ ಓಡಾಟದಲ್ಲಿ ಜ್ವರ ಬಂದ್ರೆ ಸಾರ್?”

“ಡಾಕ್ಟರ ಸರ್ಟಿಫಿಕೇಟು ತಂದು ಪರಿವರ್ತಿತ ರಜೆ ಹಾಕು. ಸಂಬಳ ಪೂರ್ತಿ ಬರುತ್ತೆ. ಆದ್ರೆ ಅರ್ಧ ವೇತನ ರಜೆಯ ಖಾತೇಲಿ ಒಂದಕ್ಕೆ ಎರಡು ಕಡಿತ.”

“ಯಾವುದೂ ಉಳಿದಿಲ್ಲ ಅಂದ್ರೆ?”

ರಾಯರು ಸತ್ತವರ ಸುದ್ದಿ ಹೇಳುವಂತೆ ದನಿ ತಗ್ಗಿಸಿದರು. “ಅಸಾಧಾರಣ ರಜೆ. ಹೆಸರು ದೊಡ್ಡದು, ಸಂಬಳ ಸೊನ್ನೆ.”

ಅವರ ಸ್ವಂತ ಖಾತೆಗೆ ಮಾತ್ರ ಇಂಥ ಅಪಚಾರವಾಗಿಲ್ಲ. ಗಳಿಕೆ ರಜೆ ವರ್ಷಕ್ಕೆ 30 ದಿನ: ಜನವರಿಗೆ 15, ಜುಲೈಗೆ 15. ಅದರಲ್ಲಿ 15ನ್ನು ಸರ್ಕಾರಕ್ಕೇ ಒಪ್ಪಿಸಿ ನಗದು ಮಾಡಿಕೊಳ್ಳುವುದು, ಮಿಕ್ಕ 15ನ್ನು ಕೂಡಿಡುವುದು. ಹೀಗೆ ಇಪ್ಪತ್ತು ವರ್ಷ ಹಲ್ಲು ಕಚ್ಚಿದರೆ 300. ನಿವೃತ್ತಿಯ ದಿನ ಅಷ್ಟಕ್ಕೂ ಮೂಲ ವೇತನ, ತುಟ್ಟಿಭತ್ಯೆ ಸೇರಿ ಹತ್ತು ತಿಂಗಳ ಗಂಟು. ಇದಕ್ಕಾಗಿ ಮನೆಯವರೆಲ್ಲ ವ್ರತ ಹಿಡಿದಿದ್ದಾರೆ. ಧರ್ಮಸ್ಥಳಕ್ಕೆ ಹೋದರೆ ಎರಡನೇ ಶನಿವಾರವೇ. ಮಾವನವರ ವೈಕುಂಠ ಸಮಾರಾಧನೆ ನಾಲ್ಕನೇ ಶನಿವಾರ ಬಿದ್ದಿತ್ತು. ಅವರ ಮಾತೆತ್ತಿದರೆ ರಾಯರ ಕಣ್ಣು ಇಂದಿಗೂ ಒದ್ದೆಯಾಗುತ್ತದೆ: “ಹೋಗುವಾಗಲೂ ಯಾರಿಗೂ ಭಾರವಾಗಲಿಲ್ಲ, ಪುಣ್ಯಾತ್ಮ.”

ಆದರೆ ಮುನ್ನೂರಕ್ಕೊಂದು ಶಾಪವಿದೆ. ಅದರ ಮೇಲೆ ಒಂದು ದಿನವೂ ಕೂಡುವುದಿಲ್ಲ. ಖಾತೆ ತುಂಬಿದ ಮೇಲೆ ಬಂದದ್ದನ್ನು ಬಳಸದಿದ್ದರೆ ಹರಿದುಹೋಗುತ್ತದೆ. 15 ದಿನ ನಗದಾಯಿತು, ಸರಿ, ಇನ್ನು 15? ಬಿಟ್ಟರೆ ಸರ್ಕಾರಕ್ಕೆ ಲಾಭ. ಅದು ರಾಯರ ಪ್ರಾಣ ಹೋದರೂ ಆಗದು. ಕೊನೆಗೆ ಎದೆ ಗಟ್ಟಿಮಾಡಿಕೊಂಡು, “ಸ್ವಂತ ಕೆಲಸದ ನಿಮಿತ್ತ” ಎಂದು ಅರ್ಜಿ ಬರೆದು, ಕೇಂದ್ರಸ್ಥಾನ ಬಿಡಲು ಅನುಮತಿಯನ್ನೂ ಕೋರಿ, 15 ದಿನ ರಜೆ ಹಾಕಿದರು.

ಕೇಂದ್ರಸ್ಥಾನ ಬಿಡಲಿಲ್ಲ. ಎರಡು ದಿನ ಮನೆಯಲ್ಲಿದ್ದು, ಹಾಲಿನವನ ಲೆಕ್ಕ ತಿದ್ದಿ, ಸಾರಿಗೆ ಒಗ್ಗರಣೆ ಯಾವಾಗ ಹಾಕಬೇಕೆಂದು ಹೆಂಡತಿಗೆ ನಿಯಮ ಹೇಳಿ, ಮೂರನೇ ದಿನ ಅವರಿಂದಲೇ ಹೊರದಬ್ಬಿಸಿಕೊಂಡು ಕಚೇರಿಗೆ ಬಂದರು. ಹಾಜರಿ ಪುಸ್ತಕದ ಹತ್ತಿರ ಸುಳಿಯಲಿಲ್ಲ. ತಮ್ಮದೇ ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದರು.

ಹಳ್ಳಿಯಿಂದ ಬಂದ ಯಜಮಾನರೊಬ್ಬರು ಮೇಜಿನೆದುರು ಕೈಮುಗಿದು ನಿಂತರು. “ಸ್ವಾಮೀ, ನನ್ನ ಕಡತ...”

“ನಾನು ಗಳಿಕೆ ರಜೆಯಲ್ಲಿದ್ದೀನಪ್ಪಾ. ಈಗ ಕಡತ ಮುಟ್ಟೋ ಹಾಗಿಲ್ಲ, ನಿಯಮ. ಹದಿನಾರನೇ ತಾರೀಖು ಬಾ.”

ಯಜಮಾನರು ಟವಲಿನಿಂದ ಮುಖ ಒರೆಸಿಕೊಂಡು, ರಾಯರನ್ನೂ ಅವರ ಕೈಲಿದ್ದ ಪೇಪರನ್ನೂ ನೋಡಿದರು.

“ಹೋದ ತಿಂಗಳೂ ಹಿಂಗೇ ಪೇಪರ್ ಓದ್ತಾ ಕೂತಿದ್ರಲ್ಲ ಸ್ವಾಮೀ, ಅದ್ಯಾವ ರಜೆ?”